ಫಿಲ್ಟರ್ ಎಲ್ಲಿ ಕೂರಬೇಕು? ಸ್ಪೋರ್ಟ್ಸ್ ಕಾರಿನ ಆಯಿಲ್ ಫಿಲ್ಟರ್ ಮೌಂಟ್ ಸುತ್ತಲಿನ ವಾದಗಳು

ಕಳಂಬೋಲಿ ಎಂದರೆ ಮೊದಲು ನೆನಪಾಗುವುದು ಉಕ್ಕಿನ ಮಾರುಕಟ್ಟೆ, ಟ್ರಕ್ ಟರ್ಮಿನಲ್, ಕಾಯಿಲ್ ಹೊತ್ತು ನಿಂತ ಟ್ರೇಲರುಗಳು. ಇದೇ ಊರಿನ ಅಂಚಿನಿಂದ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಹೊರಡುತ್ತದೆ. 2002ರಲ್ಲಿ ಪೂರ್ತಿಯಾಗಿ ತೆರೆದುಕೊಂಡ 94.5 ಕಿ.ಮೀ. ಉದ್ದದ ಈ ರಸ್ತೆ ಮುಂಬೈ, ಠಾಣೆ, ಡೊಂಬಿವಲಿ, ನವಿ ಮುಂಬೈಯ ವೇಗದ ಕಾರುಗಳಿಗೆ ಭಾನುವಾರ ನಸುಕಿನ ಹೊರದಾರಿ. ಪೋರ್ಷೆ, ಆಕ್ಟೇವಿಯಾ ಆರ್‌ಎಸ್, ಪೋಲೊ ಜಿಟಿಐ, ಎಂಜಿನ್ ಕೆಲಸ ಮಾಡಿಸಿಕೊಂಡ ಹಳೆಯ ಹೋಂಡಾ ಸಿಟಿ ವಿಟೆಕ್, ಎಲ್ಲವೂ ಟ್ರೇಲರುಗಳ ಸಾಲು ದಾಟಿ ಖಂಡಾಲದ ಕಡೆ ಮುಖ ಮಾಡುತ್ತವೆ. ಇಂಥ ಕಾರಿನವರು ಬಾನೆಟ್ ಎತ್ತಿ ನಿಂತಾಗ ಟರ್ಬೊ, ಟೈರುಗಳ ಮಾತು ಮುಗಿದ ಮೇಲೆ ಅಂಗೈಯಗಲದ ಒಂದು ಬಿಡಿಭಾಗದ ಮೇಲೂ ವಾದ ಏಳುತ್ತದೆ. ಆಯಿಲ್ ಫಿಲ್ಟರನ್ನು ಎಂಜಿನಿಗೆ ಹಿಡಿದು ನಿಲ್ಲಿಸುವ ಮೌಂಟ್ ಕಂಪನಿಯದೇ ಇರಲಿ ಎಂದು ಒಬ್ಬರು, ಹೊರಗಿನದು ಹಾಕು ಎಂದು ಇನ್ನೊಬ್ಬರು.

ಫಿಲ್ಟರ್ ಯಾವ ಬ್ರ್ಯಾಂಡಿನದು ಎಂದು ಎಲ್ಲರೂ ಕೇಳುತ್ತಾರೆ. ಅದು ಕೂರುವ ಜಾಗದ ಬಗ್ಗೆ ಕೇಳುವವರು ಕಡಿಮೆ. ಆ ಜಾಗದಲ್ಲಿ ಐದಾರು ಬಗೆಯ ಭಾಗಗಳಿವೆ: ಬ್ಲಾಕಿನಿಂದ ಚಾಚಿಕೊಂಡ ಟೊಳ್ಳು ನಿಪ್ಪಲ್, ಕಾಗದದ ಕಾರ್ಟ್ರಿಜ್ ಹಿಡಿಯುವ ಬಟ್ಟಲು ಮತ್ತು ಮುಚ್ಚಳ, ಕಾರ್ಟ್ರಿಜ್ ಜಾಗಕ್ಕೆ ಡಬ್ಬಿ ಫಿಲ್ಟರ್ ತಿರುಗಿಸಲು ಅನುವು ಮಾಡುವ ಅಡಾಪ್ಟರ್, ಬ್ಲಾಕ್ ಮತ್ತು ಫಿಲ್ಟರ್ ನಡುವೆ ಸಿಕ್ಕಿಸುವ ಸ್ಯಾಂಡ್‌ವಿಚ್ ಪ್ಲೇಟ್, ಫಿಲ್ಟರನ್ನೇ ಪೈಪಿನ ಮೂಲಕ ಬೇರೆಡೆಗೆ ಒಯ್ಯುವ ರಿಮೋಟ್ ಮೌಂಟ್. ಇವುಗಳ ಬೆನ್ನಿಗೆ ಒಂದೊಂದು ಪಂಥ ಬೆಳೆದಿದೆ. ಎಲ್ಲ ಪಂಥಗಳಲ್ಲೂ ನಿಜವಿದೆ. ಆದರೆ ಬಹುಪಾಲು ವಾದ ನಡೆಯುವುದು ಬಣ್ಣ, ಬೆಲೆ, ಬ್ರ್ಯಾಂಡುಗಳ ಸುತ್ತ. ಈ ಎಂಜಿನಿನಲ್ಲಿ ಆಯಿಲ್ ಯಾವ ದಾರಿ ಹಿಡಿದು ಬೇರಿಂಗ್ ತಲುಪುತ್ತದೆ ಎಂಬ ಮೊದಲ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಜರಡಿಯಿಂದ ಡಬ್ಬಿಗೆ, ಡಬ್ಬಿಯಿಂದ ಮತ್ತೆ ಕಾಗದಕ್ಕೆ

ಮೊದಲ ಕಾರುಗಳಿಗೆ ಆಯಿಲ್ ಫಿಲ್ಟರ್ ಇರಲಿಲ್ಲ. ಪಂಪಿನ ಬಾಯಿಗೆ ಒಂದು ತಂತಿ ಜರಡಿ ಕಟ್ಟಿ, ಮೇಲಿಂದ ಮೇಲೆ ಆಯಿಲ್ ಬದಲಿಸುತ್ತಿದ್ದರು. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ತಂದ ಪ್ಯೂರೊಲೇಟರ್ ಈ ಸ್ಥಿತಿಯನ್ನು ಬದಲಿಸಿತು. ಆದರೂ ಆರಂಭದ ದಶಕಗಳಲ್ಲಿ ಹೆಚ್ಚಿನ ಎಂಜಿನುಗಳು ಪಂಪಿನಿಂದ ಬಂದ ಆಯಿಲಿನ ಒಂದು ಪಾಲನ್ನು ಮಾತ್ರ ಫಿಲ್ಟರಿಗೆ ಕಳಿಸಿ, ಉಳಿದದ್ದನ್ನು ನೇರ ಬೇರಿಂಗಿಗೆ ಬಿಡುತ್ತಿದ್ದವು. ಎಲ್ಲ ಆಯಿಲೂ ಮೊದಲು ಫಿಲ್ಟರ್ ದಾಟಬೇಕು ಎಂಬ ಫುಲ್-ಫ್ಲೋ ಏರ್ಪಾಡು ಎರಡನೇ ಮಹಾಯುದ್ಧದ ನಂತರ ರೂಢಿಯಾಯಿತು.

ಫುಲ್-ಫ್ಲೋ ಬಂದದ್ದರಿಂದಲೇ ಮೌಂಟಿಗೆ ಮಹತ್ವ ಬಂತು. ಒಂದು ಪಾಲು ಆಯಿಲ್ ಹೋಗುವ ಫಿಲ್ಟರ್ ಸೋರಿದರೆ ಗಲೀಜು. ಇಡೀ ಆಯಿಲ್ ಹೋಗುವ ಫಿಲ್ಟರ್ ಕಳಚಿದರೆ ಕ್ರ್ಯಾಂಕ್‌ಶಾಫ್ಟ್ ಬೇರಿಂಗುಗಳಿಗೆ ಕೆಲವೇ ಸೆಕೆಂಡುಗಳ ಆಯಸ್ಸು.

1950ರ ದಶಕದ ನಡುವೆ ಡಬ್ಬಿ, ಕಾಗದ, ಸೀಲ್ ಎಲ್ಲ ಒಂದಾಗಿರುವ, ಕೈಯಲ್ಲಿ ತಿರುಗಿಸಿ ಹಾಕುವ ಸ್ಪಿನ್-ಆನ್ ಫಿಲ್ಟರ್ ಬಂತು. ಅದಕ್ಕೆ ಮುಂಚಿನದು ಉದ್ದ ಬೋಲ್ಟಿನಿಂದ ಬಿಗಿಯುವ ಲೋಹದ ಬಟ್ಟಲು. ಒಳಗಿನ ಎಲಿಮೆಂಟ್ ಬದಲಿಸಿ, ತೋಡಿನೊಳಗಿನ ಹಳೆಯ ರಬ್ಬರ್ ಉಂಗುರವನ್ನು ಸೂಜಿಯಿಂದ ಕಿತ್ತು, ಹೊಸದನ್ನು ಕೂರಿಸಬೇಕು. ಹಳೆಯ ಉಂಗುರದ ಮೇಲೇ ಹೊಸದನ್ನು ಕೂರಿಸಿದರೆ ಸೋರಿಕೆ ಖಚಿತ. ಅಂಬಾಸಡರ್ ಕಾರಿನ ಬಿಎಂಸಿ ಬಿ-ಸೀರೀಸ್ ಎಂಜಿನ್ ಈ ಕಾಲದ್ದು. ನಮ್ಮಲ್ಲಿ ಟ್ಯಾಕ್ಸಿಯಾಗಿ, ಸರ್ಕಾರಿ ಕಾರಾಗಿ ಓಡಿದ ಅದೇ ಕುಟುಂಬದ ಎಂಜಿನ್ ಇಂಗ್ಲೆಂಡಿನಲ್ಲಿ ಎಂಜಿಎ, ಎಂಜಿಬಿ ಸ್ಪೋರ್ಟ್ಸ್ ಕಾರುಗಳಲ್ಲಿತ್ತು. ಬಟ್ಟಲಿನ ತಂಟೆಯೇ ಬೇಡವೆಂದು ಅಲ್ಲಿನ ಎಂಜಿ ಪ್ರಿಯರು ಹಾಕಿಸಿಕೊಂಡ ಸ್ಪಿನ್-ಆನ್ ಅಡಾಪ್ಟರ್, ಆಫ್ಟರ್‌ಮಾರ್ಕೆಟ್, ಎಂದರೆ ಕಂಪನಿಯದಲ್ಲದ, ಮೌಂಟುಗಳ ಚರಿತ್ರೆಯಲ್ಲಿ ಹೆಸರಾದ ಬಗೆಗಳಲ್ಲಿ ಒಂದು.

ಆಮೇಲೆ ಚಕ್ರ ತಿರುಗಿತು. ಉಕ್ಕಿನ ಡಬ್ಬಿಯನ್ನು ಪ್ರತಿ ಸಲ ಎಸೆಯುವುದು ಏಕೆ ಎಂದು ಯುರೋಪಿನ ತಯಾರಕರು ಕಾಗದದ ಕಾರ್ಟ್ರಿಜ್‌ಗೇ ಮರಳಿದರು. ಈ ಸಲ ಬಟ್ಟಲು ಅಲ್ಯುಮಿನಿಯಂ ಅಥವಾ ಪ್ಲಾಸ್ಟಿಕ್, ಸೀಲ್ ಓ-ರಿಂಗ್, ಮುಚ್ಚಳ ಬಿಗಿಯಲು ಸಾಮಾನ್ಯವಾಗಿ 25 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್. ಬಿಎಂಡಬ್ಲ್ಯು, ಮರ್ಸಿಡಿಸ್, ಪೋರ್ಷೆ, ಟೊಯೊಟಾದ ಎಷ್ಟೋ ಎಂಜಿನುಗಳು ಇದೇ ದಾರಿ ಹಿಡಿದವು. ಎಂಜಿ ಮಾಲೀಕರು ಕಿತ್ತೆಸೆದ ಪದ್ಧತಿ ಹೊಸ ವೇಷದಲ್ಲಿ ಬಂದಾಗ ಅದನ್ನು ಮತ್ತೆ ಕಿತ್ತೆಸೆಯುವ ಅಡಾಪ್ಟರುಗಳೂ ಬಂದವು.

ಯಾರದೋ ಎಂಜಿನ್, ಯಾರದೋ ಬಾಡಿ

ಭಾರತದಲ್ಲಿ ಈ ಪ್ರಶ್ನೆಗೆ ಬೇರೊಂದು ಬೇರಿದೆ. ಇಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರುಗಳಲ್ಲಿ ಹೆಚ್ಚಿನವು ಎರವಲು ಎಂಜಿನಿನವು. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ಗೋವಾದಲ್ಲಿ ಕಟ್ಟಿದ ಸ್ಯಾನ್ ಸ್ಟಾರ್ಮ್ ಎಂಬ ಫೈಬರ್ ಬಾಡಿಯ ಎರಡು ಸೀಟಿನ ಕಾರಿಗೆ ರೆನೊದ 1149 ಸಿಸಿ ಎಂಜಿನ್. ಕಳಂಬೋಲಿ ಇರುವ ರಾಯಗಡ ಜಿಲ್ಲೆಯಲ್ಲೇ, ಅಲಿಬಾಗಿನ ಚಿಂಕಾರಾ ಮೋಟಾರ್ಸ್ ತಯಾರಿಸಿದ ರೋಡ್‌ಸ್ಟರ್ 1.8ಎಸ್‌ಗೆ ಇಸುಜು 1.8 ಲೀಟರ್ ಎಂಜಿನ್. ಕಾಂಟೆಸ್ಸಾ ಓಡಿಸಿದವರಿಗೆ ಪರಿಚಿತವಾದದ್ದು. ಮುಂಬೈಯ ಕಾರು ವಿನ್ಯಾಸ ಸಂಸ್ಥೆ ಡಿಸಿ 2012ರಲ್ಲಿ ತೋರಿಸಿದ ಅವಂತಿಗೆ ಮತ್ತೆ ರೆನೊದ 2 ಲೀಟರ್ ಟರ್ಬೊ, ಅದೂ ಸೀಟಿನ ಹಿಂದೆ. ಸ್ಪೋರ್ಟ್ಸ್ ಕಾರಲ್ಲದಿದ್ದರೂ ಪ್ರೀಮಿಯರ್ 118ಎನ್‌ಇ ಇದೇ ಜಾತಿ: ಫಿಯಟ್ 124ರ ಬಾಡಿಯೊಳಗೆ ನಿಸಾನ್ ಎ12 ಎಂಜಿನ್.

ಒಂದು ಬಾಡಿಗಾಗಿ ವಿನ್ಯಾಸವಾದ ಎಂಜಿನನ್ನು ಇನ್ನೊಂದರಲ್ಲಿ ಕೂರಿಸಿದಾಗ ಫಿಲ್ಟರ್ ಎಲ್ಲಿ ಬರುತ್ತದೆ ಎಂದು ಹೇಳಲಾಗದು. ಸ್ಟಿಯರಿಂಗ್ ಕಂಬಕ್ಕೆ ತಾಗಬಹುದು, ಎಗ್ಸಾಸ್ಟ್ ಪೈಪಿನ ಮಗ್ಗುಲಲ್ಲಿ ಬೇಯಬಹುದು, ನೆಲದ ತೀರಾ ಸಮೀಪ ತೂಗಬಹುದು. ಇಂಥ ಕಾರಿನವರಿಗೆ ಆಫ್ಟರ್‌ಮಾರ್ಕೆಟ್ ಮೌಂಟ್ ಶೋಕಿಯಲ್ಲ, ಗತಿ. ಕಂಪನಿ ಕಾರಿಗೆ ಅದನ್ನು ಹಾಕಿಸುವವರ ಲೆಕ್ಕವೇ ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದರಿಂದಲೇ ಅರ್ಧ ಗೊಂದಲ.

ಕಂಪನಿ ಕೂರಿಸಿದ ಜಾಗವೇ ಸರಿ

ಮೊದಲ ಪಂಥದ ವಾದ ನೇರ. ಎಂಜಿನ್ ತಯಾರಕರು ಪಂಪಿನ ಸಾಮರ್ಥ್ಯ, ಆಯಿಲ್ ಗ್ಯಾಲರಿಗಳ ಅಳತೆ, ಫಿಲ್ಟರ್ ಕಟ್ಟಿಕೊಂಡಾಗ ಬೈಪಾಸ್ ವಾಲ್ವ್ ತೆರೆಯುವ ಒತ್ತಡ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ಪರೀಕ್ಷಿಸಿರುತ್ತಾರೆ. ನಡುವೆ ಸೇರಿಸುವ ಪ್ರತಿ ಕೀಲೂ ಸೋರುವ ಒಂದು ಹೊಸ ಜಾಗ. ಒಂದು ಸ್ಯಾಂಡ್‌ವಿಚ್ ಪ್ಲೇಟ್ ಹಾಕಿದರೆ ಒಂದಿದ್ದ ಸೀಲ್ ಎರಡಾಗುತ್ತದೆ. ರಿಮೋಟ್ ಮೌಂಟ್ ಹಾಕಿದರೆ ಪೈಪಿನ ತುದಿಗಳೂ ಸೇರಿ ಹತ್ತಿರ ಹತ್ತಿರ ಎಂಟಾಗುತ್ತವೆ.

ಈ ಪಂಥದ ಬಲ ಇರುವುದು ಹೊಸ ಎಂಜಿನುಗಳಲ್ಲಿ. ಆಕ್ಟೇವಿಯಾ ಆರ್‌ಎಸ್, ಪೋಲೊ ಜಿಟಿಐಗಳಲ್ಲಿರುವ ಫೋಕ್ಸ್‌ವ್ಯಾಗನ್ ಗುಂಪಿನ ಇಎ888 ಎಂಜಿನಿನ ಮೂರನೇ ಪೀಳಿಗೆಯಲ್ಲಿ ಆಯಿಲ್ ಪಂಪ್ ಎರಡು ಹಂತದ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಸೆನ್ಸರುಗಳು ಅದನ್ನು ಕಾಯುತ್ತವೆ. ಫಿಲ್ಟರ್ ಎಂಜಿನಿನ ಮೇಲುಗಡೆ, ಕೈಗೆ ಸಿಗುವಂತೆ ಇದೆ. ಬದಲಿಸಿ ಗಳಿಸುವುದೇನು?

ದುರ್ಬಲತೆಯೂ ಇದೆ. ತಯಾರಕರು ಪರೀಕ್ಷಿಸಿದ್ದು ತಮ್ಮ ಲೆಕ್ಕದ ಬಳಕೆಗೆ. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಕೆಂಪು ಗೆರೆಯ ಬಳಿ ಓಡಿಸುವವರು, ಟರ್ಬೊ ಒತ್ತಡ ಏರಿಸಿಕೊಂಡವರು ಆ ಲೆಕ್ಕದ ಹೊರಗೆ ಬರುತ್ತಾರೆ. ಪ್ಲಾಸ್ಟಿಕ್ ಮುಚ್ಚಳ ಬಿಸಿಗೆ ಗಡುಸಾಗುತ್ತದೆ, ಅದನ್ನು ಅಳತೆ ಮೀರಿ ಬಿಗಿಯುವ ಮಿಸ್ತ್ರಿಗಳಿಗೆ ಎಲ್ಲೂ ಬರವಿಲ್ಲ. ಅಲ್ಯುಮಿನಿಯಂ ಮುಚ್ಚಳ ಮಾರುವವರು ಬದುಕಿರುವುದು ಇದರಿಂದಲೇ. ಮುಚ್ಚಳ ಬದಲಿಸುವುದು ಆಯಿಲಿನ ದಾರಿಯನ್ನು ಮುಟ್ಟದ ಬದಲಾವಣೆ, ಹಾಗಾಗಿ ಈ ಪಂಥದವರೂ ಒಪ್ಪಬಹುದಾದದ್ದು.

ಕಾರ್ಟ್ರಿಜ್ ಕಳಚಿ ಡಬ್ಬಿ ತಿರುಗಿಸುವವರು

ಎರಡನೇ ಪಂಥದ ಪ್ರಸಿದ್ಧ ಉದಾಹರಣೆ ಪೋರ್ಷೆಯ ಎಂ96 ಎಂಜಿನ್. 1996ರ ಬಾಕ್ಸ್‌ಸ್ಟರ್ ಜೊತೆ ಬಂದು, ಮುಂದೆ 911ರ 996 ಮಾದರಿಗೂ ಹೋದ ಈ ಎಂಜಿನ್ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗಿನ ತೊಂದರೆಯಿಂದ ಹೆಸರು ಕೆಡಿಸಿಕೊಂಡಿತು. ಆ ಬೇರಿಂಗ್ ಸವೆದಾಗ ಉದುರುವ ಲೋಹದ ಚೂರುಗಳು ಆಯಿಲಿನಲ್ಲಿ ಸುತ್ತಾಡಿ ಇಡೀ ಎಂಜಿನನ್ನೇ ಹಾಳುಮಾಡಬಲ್ಲವು. ಕಾರ್ಟ್ರಿಜ್ ಹಿಡಿಯುವ ಪ್ಲಾಸ್ಟಿಕ್ ಬಟ್ಟಲಿನೊಳಗೇ ಬೈಪಾಸ್ ವಾಲ್ವ್ ಇದೆ. ಅದು ತೆರೆದಾಗ ಸೋಸದ ಆಯಿಲ್ ಮುಂದಕ್ಕೆ ಹೋಗುತ್ತದೆ. ಅಮೆರಿಕದ ಎಲ್‌ಎನ್ ಎಂಜಿನಿಯರಿಂಗ್ ಇದಕ್ಕೆ ಸ್ಪಿನ್-ಆನ್ ಅಡಾಪ್ಟರ್ ತಂದಿತು. ಗಟ್ಟಿ ಉಕ್ಕಿನ ಡಬ್ಬಿ, ಸುಲಭದ ಸೀಲ್, ಮಾರುಕಟ್ಟೆಯಲ್ಲಿ ಸಿಗುವ ಉತ್ತಮ ಫಿಲ್ಟರುಗಳಲ್ಲಿ ಬೇಕಾದ್ದನ್ನು ಆರಿಸುವ ಅವಕಾಶ ಇದರ ಪರವಾದ ಮಾತುಗಳು.

ವಿರೋಧಿಗಳು ಎತ್ತುವ ಆಕ್ಷೇಪ ಸೊಗಸಾಗಿದೆ. ಚೂರುಗಳ ಭಯವೇ ನಿಮ್ಮದಾದರೆ ಅವನ್ನು ಕಣ್ಣಾರೆ ನೋಡುವ ದಾರಿಯನ್ನೇ ಏಕೆ ಮುಚ್ಚುತ್ತೀರಿ? ಕಾರ್ಟ್ರಿಜ್ ತೆಗೆದರೆ ಮಡಿಕೆಗಳನ್ನು ಬಿಡಿಸಿ, ಹೊಳೆಯುವ ಕಣಗಳಿವೆಯೇ ಎಂದು ಬಿಸಿಲಿಗೆ ಹಿಡಿದು ನೋಡಬಹುದು. ಡಬ್ಬಿ ಫಿಲ್ಟರನ್ನು ಕಟ್ಟರಿನಿಂದ ಕತ್ತರಿಸಬೇಕು. ಗರಗಸ ಬಳಸಿದರೆ ಅದರ ಪುಡಿಯೇ ಒಳಗೆ ಬಿದ್ದು ಪರೀಕ್ಷೆ ಹಾಳು. ಈ ಜಗಳದಲ್ಲಿ ತೂಕ ಒಂದು ಕೂದಲಿನಷ್ಟು ಕಾರ್ಟ್ರಿಜ್ ಕಡೆಗೇ ವಾಲುತ್ತದೆ ಎನ್ನಬೇಕು. ಪ್ರತಿ ಸರ್ವಿಸಿನಲ್ಲೂ ಡಬ್ಬಿ ಕತ್ತರಿಸಿ ನೋಡುವ ಶಿಸ್ತು ಉಳ್ಳವರು ಮಾತ್ರ ಈ ಅಡಾಪ್ಟರಿನಿಂದ ಪೂರ್ತಿ ಲಾಭ ಪಡೆಯುತ್ತಾರೆ.

ಬಟ್ಟಲಿನ ಕಾಲದ ಎಂಜಿನುಗಳ ಮಟ್ಟಿಗೆ ಮಾತ್ರ ವಾದಕ್ಕೆ ಹೆಚ್ಚು ಜಾಗವಿಲ್ಲ. ಅಲ್ಲಿ ಸ್ಪಿನ್-ಆನ್ ಗೆದ್ದಾಗಿದೆ.

ಸ್ಯಾಂಡ್‌ವಿಚ್ ಪ್ಲೇಟ್ ಪಕ್ಷ

ಆಫ್ಟರ್‌ಮಾರ್ಕೆಟ್ ಮೌಂಟುಗಳಲ್ಲಿ ಇಂದು ಹೆಚ್ಚು ಕಾಣುವುದು ಸ್ಯಾಂಡ್‌ವಿಚ್ ಪ್ಲೇಟ್. ಫಿಲ್ಟರ್ ತೆಗೆದು, ನಡುವೆ ಒಂದು ತಟ್ಟೆ ಕೂರಿಸಿ, ಟೊಳ್ಳು ಬೋಲ್ಟಿನಿಂದ ಬಿಗಿದು, ಅದರ ಮೇಲೆ ಫಿಲ್ಟರ್. ತಟ್ಟೆಯ ಪಕ್ಕದ ರಂಧ್ರಗಳಿಂದ ಆಯಿಲ್ ಕೂಲರಿಗೆ ಪೈಪ್ ಎಳೆಯಬಹುದು ಅಥವಾ ಉಷ್ಣತೆ, ಒತ್ತಡಗಳ ಸೆನ್ಸರ್ ಹಾಕಬಹುದು. ಇಂಗ್ಲೆಂಡಿನ ಮೋಕಲ್, ಜಪಾನಿನ ಎಚ್‌ಕೆಎಸ್, ಗ್ರೆಡ್ಡಿ ಈ ಕಣದ ಹಳೆಯ ಹೆಸರುಗಳು.

ಇಲ್ಲಿ ಮುಖ್ಯ ಒಡಕು ಥರ್ಮೋಸ್ಟಾಟ್ ಬೇಕೇ ಬೇಡವೇ ಎಂಬುದು. ಮೋಕಲ್‌ನಂಥ ಪ್ಲೇಟುಗಳಲ್ಲಿ ಆಯಿಲ್ 80 ಡಿಗ್ರಿ ತಲುಪುವವರೆಗೆ ಕೂಲರಿನ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಥರ್ಮೋಸ್ಟಾಟ್ ಇಲ್ಲದ ಅಗ್ಗದ ಪ್ಲೇಟುಗಳಲ್ಲಿ ಎಂಜಿನ್ ಶುರುವಾದ ಕ್ಷಣದಿಂದಲೇ ಆಯಿಲ್ ಕೂಲರಿಗೆ ಹೋಗುತ್ತದೆ. ಮುಂಬೈ ಸೆಕೆಯ ಊರು, ಥರ್ಮೋಸ್ಟಾಟ್ ಯಾಕೆ ಎಂದು ಕೇಳುವವರಿದ್ದಾರೆ. ಜುಲೈ ತಿಂಗಳ ಮಳೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವ ಕಾರಿನ ಕೂಲರಿಗೆ ನೀರು ಗಾಳಿ ಎರಡೂ ಹೊಡೆಯುತ್ತಿರುತ್ತವೆ ಎಂಬುದು ಅವರ ಲೆಕ್ಕದಲ್ಲಿಲ್ಲ. ಬೇಕಾದಷ್ಟು ಬಿಸಿಯಾಗದ ಆಯಿಲಿನಲ್ಲಿ ಪೆಟ್ರೋಲಿನ ಅಂಶ ಮತ್ತು ನೀರಿನ ಪಸೆ ಆವಿಯಾಗದೆ ಉಳಿಯುತ್ತವೆ. ನವಿ ಮುಂಬೈಯೊಳಗೇ ವಾಶಿಯಿಂದ ಬೇಲಾಪುರಕ್ಕೆ ಹೋಗಿ ಬರುವಷ್ಟೇ ಓಡಾಟದ ಕಾರಿಗೆ ಇದು ಅತಿ ಬಿಸಿಗಿಂತ ಹೆಚ್ಚು ಕಾಡುವ ತೊಂದರೆ.

ಕೂಲರ್ ಅಗತ್ಯವೇ ಎಂಬುದು ಅದಕ್ಕೂ ಹಿಂದಿನ ಪ್ರಶ್ನೆ. ಉಷ್ಣತೆ ಸುಮಾರು 10 ಡಿಗ್ರಿ ಏರಿದಂತೆಲ್ಲ ಆಯಿಲ್ ಆಕ್ಸಿಡೈಸ್ ಆಗುವ ವೇಗ ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಟ್ರ್ಯಾಕಿನಲ್ಲಿ 130 ಡಿಗ್ರಿ ಮುಟ್ಟುವ ಎಂಜಿನಿಗೆ ಕೂಲರ್ ಬೇಕು. ಎಕ್ಸ್‌ಪ್ರೆಸ್‌ವೇಯ ಕಾನೂನು ಮಿತಿಯಾದ 100ರಲ್ಲಿ, ಘಾಟಿಯಲ್ಲಿ 60ರಲ್ಲಿ ಓಡುವ ಕಾರಿನ ಆಯಿಲ್ ಅಷ್ಟು ಬಿಸಿಯಾಗುವುದಿಲ್ಲ. ಆಗಿದ್ದರೆ ಮೊದಲು ನೋಡಬೇಕಾದ್ದು ರೇಡಿಯೇಟರು.

ಇನ್ನೊಂದು ತೊಡಕು ನಮ್ಮ ರಸ್ತೆಗಳದ್ದು. ಪ್ಲೇಟಿನ ದಪ್ಪದಷ್ಟು, ಎಂದರೆ ಎರಡು ಮೂರು ಸೆಂಟಿಮೀಟರ್, ಫಿಲ್ಟರ್ ಹೊರಚಾಚುತ್ತದೆ. ಕೆಳಮುಖವಾಗಿ ಕೂರುವ ಫಿಲ್ಟರ್ ಆಗಿದ್ದು, ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಕಾರಾದರೆ, ಸೊಸೈಟಿ ಗೇಟಿನ ಸ್ಪೀಡ್ ಬ್ರೇಕರ್ ಸಾಕು. ಇಂಗ್ಲೆಂಡಿನಲ್ಲೋ ಜಪಾನಿನಲ್ಲೋ ವಿನ್ಯಾಸ ಮಾಡಿದವರು ಇದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಫಿಲ್ಟರನ್ನೇ ದೂರ ಒಯ್ಯುವವರು

ರಿಮೋಟ್ ಮೌಂಟಿನ ಮೂಲ ಅಗತ್ಯದಲ್ಲಿದೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲಿಗೆ ಫಿಲ್ಟರೇ ಇರಲಿಲ್ಲ, ಬರೀ ಜರಡಿ. ಆ ಎಂಜಿನನ್ನು ಡ್ಯೂನ್ ಬಗ್ಗಿ, ಕಿಟ್ ಕಾರುಗಳಿಗೆ ಹಾಕಿ ಓಡಿಸಿದವರು ಆಯಿಲನ್ನು ಪೈಪಿನಲ್ಲಿ ಹೊರತೆಗೆದು, ಬಾಡಿಗೆ ಕಟ್ಟಿದ ಫಿಲ್ಟರಿನ ಮೂಲಕ ಹಾಯಿಸಿ ಮತ್ತೆ ಒಳಗೆ ಬಿಟ್ಟರು. ನಿಸಾನ್ ಸ್ಕೈಲೈನಿನ ಆರ್‌ಬಿ26, ಟೊಯೊಟಾ ಸುಪ್ರಾದ 2ಜೆಝಡ್, ಮಜ್ದಾ ಮಿಯಾಟಾ ಇವುಗಳಲ್ಲಿ ಫಿಲ್ಟರ್ ಇದೆ, ಆದರೆ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಕೈ ಹೋಗದ ಕಡೆ. ನಮ್ಮ ಹೋಂಡಾ ಸಿಟಿ ವಿಟೆಕ್‌ನಲ್ಲೂ ಎಂಜಿನಿನ ಹಿಂಬದಿ, ಫೈರ್‌ವಾಲ್ ಕಡೆಗೆ ಅಡಗಿದೆ.

ದೂರ ಒಯ್ದರೆ ಫಿಲ್ಟರ್ ಬದಲಿಸುವುದು ಸುಲಭ, ದೊಡ್ಡ ಫಿಲ್ಟರ್ ಹಾಕಬಹುದು, ಆಯಿಲಿನ ಒಟ್ಟು ಪ್ರಮಾಣವೂ ಹೆಚ್ಚುತ್ತದೆ. ಬೆಲೆ ತೆರಬೇಕಾದದ್ದು ಪೈಪಿನಲ್ಲಿ. ಒಳವ್ಯಾಸ ಅರ್ಧವಾದರೆ ನಿಧಾನ ಹರಿವಿನಲ್ಲಿ ಪ್ರತಿರೋಧ 16 ಪಟ್ಟು ಏರುತ್ತದೆ ಎನ್ನುತ್ತದೆ ಭೌತಶಾಸ್ತ್ರ. ಸುಮಾರು 14 ಮಿ.ಮೀ. ಒಳವ್ಯಾಸದ 10ನೇ ನಂಬರ್ ಎಎನ್ ಅಳತೆಯ ಪೈಪಿನ ಬದಲು 11 ಮಿ.ಮೀ.ಯ 8ನೇ ನಂಬರ್ ಹಾಕಿದರೆ ಪ್ರತಿರೋಧ ಎರಡೂವರೆ ಪಟ್ಟಿಗೂ ಹೆಚ್ಚು. ಅಗ್ಗದ ಕಿಟ್ಟುಗಳ ಗುಟ್ಟು ಹೆಚ್ಚಾಗಿ ಈ ಸಣ್ಣ ಪೈಪಿನಲ್ಲೇ ಇರುತ್ತದೆ.

ಇದಕ್ಕಿಂತ ಅಪಾಯದ್ದು ಪೈಪುಗಳನ್ನು ಅದಲುಬದಲು ಜೋಡಿಸುವುದು. ಸ್ಪಿನ್-ಆನ್ ಫಿಲ್ಟರಿಗೆ ಆಯಿಲ್ ಅಂಚಿನ ಸಣ್ಣ ರಂಧ್ರಗಳಿಂದ ಒಳಹೋಗಿ ನಡುವಿನ ದೊಡ್ಡ ರಂಧ್ರದಿಂದ ಹೊರಬರಬೇಕು. ಅಂಚಿನ ರಂಧ್ರಗಳ ಹಿಂದೆ ಆಂಟಿ-ಡ್ರೇನ್‌ಬ್ಯಾಕ್ ವಾಲ್ವ್ ಎಂಬ ರಬ್ಬರ್ ಪೊರೆ ಇದೆ. ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಬಸಿಯದಂತೆ ತಡೆಯುವುದು ಅದರ ಕೆಲಸ. ಪೈಪ್ ಉಲ್ಟಾ ಆದರೆ ಈ ಪೊರೆಯೇ ಆಯಿಲನ್ನು ತಡೆದು ನಿಲ್ಲಿಸುತ್ತದೆ, ಬೇರಿಂಗ್ ಒಣಗುತ್ತದೆ. ಮೌಂಟಿನ ಮೇಲೆ ಕೆತ್ತಿದ ಒಳ, ಹೊರ ಗುರುತನ್ನು ನೋಡದ ಆತುರಕ್ಕೆ ತೆರುವ ದಂಡ ಇಡೀ ಎಂಜಿನ್.

ಬೈಪಾಸ್ ಜಗಳ

ಎಲ್ಲ ಪಂಥಗಳೂ ಕೊನೆಗೆ ಬಂದು ಡಿಕ್ಕಿ ಹೊಡೆಯುವುದು ಬೈಪಾಸ್ ವಾಲ್ವಿಗೆ. ಫಿಲ್ಟರ್ ಕಟ್ಟಿಕೊಂಡಾಗ ಅಥವಾ ತಣ್ಣಗಿನ ಆಯಿಲ್ ಗಟ್ಟಿಯಾಗಿದ್ದಾಗ ತೆರೆದುಕೊಳ್ಳುವ ತುರ್ತು ಬಾಗಿಲು ಅದು. ಕೊಳೆ ಆಯಿಲ್ ಹೋದರೂ ಸರಿ, ಆಯಿಲೇ ಇಲ್ಲದಂತಾಗಬಾರದು ಎಂಬುದು ಅದರ ತರ್ಕ. ಫಿಲ್ಟರಿನ ಎರಡು ಬದಿಯ ಒತ್ತಡದ ಅಂತರ ಎಂಜಿನಿಗೆ ತಕ್ಕಂತೆ ಅರ್ಧ ಬಾರ್‌ನಿಂದ ಎರಡು ಬಾರ್ ಒಳಗೆ ಬಂದಾಗ ಇದು ತೆರೆಯುತ್ತದೆ.

ತೊಡಕು ಎಂದರೆ ಈ ಬಾಗಿಲು ಎಲ್ಲ ಎಂಜಿನಿನಲ್ಲೂ ಒಂದೇ ಕಡೆ ಇಲ್ಲ. ಕೆಲವುಗಳದ್ದು ಫಿಲ್ಟರಿನೊಳಗೆ, ಕೆಲವುಗಳದ್ದು ಎಂಜಿನ್ ಬ್ಲಾಕಿನಲ್ಲಿ, ಎಂ96ರಂತೆ ಕೆಲವುಗಳದ್ದು ಬಟ್ಟಲಿನಲ್ಲಿ. ಬ್ಲಾಕಿನಲ್ಲಿ ವಾಲ್ವ್ ಇರುವ ಎಂಜಿನಿಗೆ ರಿಮೋಟ್ ಮೌಂಟ್ ಹಾಕಿದರೆ ಪೈಪ್, ಕೂಲರ್, ಫಿಲ್ಟರ್ ಮೂರರ ಪ್ರತಿರೋಧವೂ ಸೇರಿ ಆ ವಾಲ್ವ್ ಬೇಗ ತೆರೆಯಬಹುದು. ಆಗ ದುಬಾರಿ ಫಿಲ್ಟರ್ ಹೊರಗೆ ಸುಮ್ಮನೆ ತೂಗುತ್ತದೆ, ಸೋಸದ ಆಯಿಲ್ ಒಳಗೇ ಸುತ್ತುತ್ತದೆ. ಇನ್ನೊಂದು ತುದಿಯಲ್ಲಿ, ಬಟ್ಟಲಿನಲ್ಲಿ ವಾಲ್ವ್ ಇದ್ದ ಎಂಜಿನಿಗೆ ಅಡಾಪ್ಟರ್ ಹಾಕಿ, ಬೈಪಾಸ್ ಇಲ್ಲದ ಫಿಲ್ಟರ್ ತಿರುಗಿಸಿದರೆ ತುರ್ತು ಬಾಗಿಲೇ ಮಾಯ.

ಬೈಪಾಸೇ ಬೇಡ, ಒಂದು ಚೂರೂ ಬೇರಿಂಗ್ ತಲುಪಬಾರದು ಎನ್ನುವ ರೇಸಿಂಗ್ ಪಂಥವೂ ಇದೆ. ಅವರು ಆಯಿಲನ್ನು ಮೊದಲೇ ಬಿಸಿಮಾಡಿ ಎಂಜಿನ್ ಶುರುಮಾಡುತ್ತಾರೆ, ಪ್ರತಿ ರೇಸಿನ ನಂತರ ಫಿಲ್ಟರ್ ಬಿಚ್ಚುತ್ತಾರೆ. ಅವರ ಶಿಸ್ತಿಗೆ ಅವರ ಮೌಂಟ್ ಸರಿ. ಆರು ತಿಂಗಳಿಗೊಮ್ಮೆ ಸರ್ವಿಸ್ ಕಾಣುವ ರಸ್ತೆ ಕಾರಿಗೆ ಅದನ್ನು ನಕಲು ಮಾಡುವುದು ಶುದ್ಧ ದುಡುಕು.

ಮಿಲಿಮೀಟರಿನ ಮೂರನೇ ಒಂದರ ಅಪಾಯ

ಪಂಥಗಳ ತಕರಾರಿಗೆ ಸಿಗದ, ಬರೀ ಅಳತೆಯ ವಿಷಯ ಒಂದಿದೆ: ಥ್ರೆಡ್. ಕಾರಿನ ಫಿಲ್ಟರುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಎರಡು. ಹೋಂಡಾ, ಮಜ್ದಾ, ಸುಬಾರು, ಮಾರುತಿಯ ಜಿ13 ಎಂಜಿನುಗಳು ಬಳಸುವ ಎಂ20×1.5 ಒಂದು, 2ಜೆಝಡ್‌ನಂಥ ಟೊಯೊಟಾ ಎಂಜಿನುಗಳ 3/4-16 ಯುಎನ್‌ಎಫ್ ಇನ್ನೊಂದು. ಎರಡರ ಡಬ್ಬಿಗಳೂ ನೋಡಲು ಒಂದೇ, ರಬ್ಬರ್ ಸೀಲಿನ ಅಗಲವೂ ಹತ್ತಿರ ಹತ್ತಿರ.

3/4 ಇಂಚು ಎಂದರೆ 19.05 ಮಿ.ಮೀ. ಎಂ20 ಫಿಲ್ಟರಿನ ರಂಧ್ರದ ಒಳವ್ಯಾಸ ಸುಮಾರು 18.38 ಮಿ.ಮೀ. 3/4 ನಿಪ್ಪಲಿಗೆ ಎಂ20 ಫಿಲ್ಟರ್ ತಿರುಗಿಸಿದರೆ ಅದು ಸಲೀಸಾಗಿ ಹೋಗುತ್ತದೆ, ಸೀಲ್ ಒತ್ತಿಕೊಂಡು ಬಿಗಿಯಾದಂತೆಯೂ ಕಾಣುತ್ತದೆ. ಆದರೆ ಲೋಹಕ್ಕೆ ಲೋಹ ಹಿಡಿದಿರುವುದು ಒಂದೊಂದು ಬದಿಗೆ 0.34 ಮಿ.ಮೀ. ಮಾತ್ರ, ಇರಬೇಕಾದದ್ದು 0.81. ಪಿಚ್ ಕೂಡ ಬೇರೆ, 1.5 ಎದುರು 1.59. ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ ಒತ್ತಡ ಜಿಗಿದಾಗ ಇಂಥ ಫಿಲ್ಟರ್ ಕಳಚಿ ಬೀಳಬಲ್ಲದು. ಕಾರ್ವೆಟ್ಟಿನ ಎಲ್‌ಎಸ್ ಎಂಜಿನ್ ಕುಟುಂಬ 13/16-16ರಿಂದ ಎಂ22×1.5ಕ್ಕೆ ಬದಲಾದಾಗ ಹುಟ್ಟಿದ ಗೊಂದಲದಲ್ಲಿ ಹಿಡಿತ ಇನ್ನೂ ಕಡಿಮೆ.

ಸೆನ್ಸರಿನ ರಂಧ್ರದಲ್ಲೂ ಇದೇ ಕಥೆ. ಜಪಾನಿನ ಗೇಜುಗಳದ್ದು 1/8 ಬಿಎಸ್‌ಪಿಟಿ, ಇಂಚಿಗೆ 28 ಸುತ್ತು, 55 ಡಿಗ್ರಿ ಕೋನ. ಅಮೆರಿಕದವು 1/8 ಎನ್‌ಪಿಟಿ, 27 ಸುತ್ತು, 60 ಡಿಗ್ರಿ. ಒಂದೆರಡು ಸುತ್ತು ಎರಡೂ ಹೋಗುತ್ತವೆ. ಆಮೇಲೆ ಸೋರಿಕೆ, ಇಲ್ಲವೇ ಬಲ ಹಾಕಿದ್ದಕ್ಕೆ ಬಿರುಕುಬಿಟ್ಟ ಪ್ಲೇಟು.

ವರ್ನಿಯರ್ ಮತ್ತು ಪಿಚ್ ಗೇಜ್ ಇಟ್ಟುಕೊಂಡ ಅಂಗಡಿಯಲ್ಲೇ ಮೌಂಟ್ ಕೊಳ್ಳಬೇಕು. ಕುರ್ಲಾದ ಸಿಎಸ್‌ಟಿ ರಸ್ತೆಯಾಗಲಿ, ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ಕಣ್ಣಳತೆಯಲ್ಲಿ ‘ಇದು ಆಗುತ್ತೆ ಸಾರ್’ ಎನ್ನುವವರಿಗೆ ಕೊರತೆಯಿಲ್ಲ.

ಲೇತಿನಲ್ಲಿ ಆಗುವುದು, ಆಗದ್ದು

ಹೊರಗಿನಿಂದ ತರಿಸುವ ಬದಲು ಇಲ್ಲೇ ಮಾಡಿಸಿದರೆ? ಕಳಂಬೋಲಿ, ಪಕ್ಕದ ತಳೋಜಾ ಎಂಐಡಿಸಿ, ಡೊಂಬಿವಲಿಯ ಕೈಗಾರಿಕಾ ಪ್ರದೇಶ ಇವೆಲ್ಲ ಲೇತ್, ಮಿಲ್ಲಿಂಗ್ ಕೆಲಸಕ್ಕೆ ಹೆಸರಾದ ಪಟ್ಟಿ. ಅಲ್ಯುಮಿನಿಯಂ ಬಾರ್ ಬೇಕಾದರೆ ಮುಂಬೈಯ ಕೀಕಾ ಸ್ಟ್ರೀಟ್ ಇದೆ. 6061-ಟಿ6 ದರ್ಜೆಯ ಗಟ್ಟಿಯಿಂದ ಕಡೆದ ಅಡಾಪ್ಟರ್ ಕಳಪೆ ಎರಕದ ಆಮದು ಮಾಲಿಗಿಂತ ಗಟ್ಟಿಯಾಗಿಯೇ ಇರುತ್ತದೆ. ಸೀಲ್ ಕೂರುವ ಮುಖ ನುಣುಪಾಗಿರಬೇಕು, ನಿಪ್ಪಲಿಗೆ ನೇರ ಲಂಬವಾಗಿರಬೇಕು, ಒಳಗೆ ಬರ್, ಎಂದರೆ ಕಡೆತದಲ್ಲಿ ಉಳಿದ ಲೋಹದ ಮುಳ್ಳು, ಒಂದು ಚೂರೂ ಉಳಿಯಬಾರದು. ಒಳ್ಳೆಯ ಟರ್ನರಿಗೆ ಇದು ಕಷ್ಟವಲ್ಲ. ಹಾಗಾಗಿ ಸಾದಾ ಅಡಾಪ್ಟರನ್ನು ಇಲ್ಲೇ ಮಾಡಿಸುವುದನ್ನು ಕೀಳಾಗಿ ಕಾಣಬೇಕಿಲ್ಲ. ಥರ್ಮೋಸ್ಟಾಟ್, ಬೈಪಾಸ್ ವಾಲ್ವ್ ಇರುವ ಮೌಂಟ್ ಮಾತ್ರ ಲೇತಿನ ಕೆಲಸವಲ್ಲ. ಸ್ಪ್ರಿಂಗಿನ ಬಲ ಪರೀಕ್ಷಿಸದೆ ವಾಲ್ವ್ ಮಾಡುವುದು ಜೂಜು.

ಪೈಪಿನ ವಿಷಯದಲ್ಲಿ ಟ್ರಕ್ಕು, ಜೆಸಿಬಿಗಳಿಗೆ ಹೈಡ್ರಾಲಿಕ್ ಹೋಸ್ ಒತ್ತಿಕೊಡುವ ಅಂಗಡಿಗಳ ಆಕರ್ಷಣೆ ಸಹಜ. ಅರ್ಧ ಇಂಚಿನ ಎಸ್‌ಎಇ 100ಆರ್1 ಹೋಸ್ 160 ಬಾರ್ ತಡೆಯುತ್ತದೆ, ಕಾರಿನ ಆಯಿಲ್ ಒತ್ತಡ ಬೆಚ್ಚಗಾದ ಮೇಲೆ ನಾಲ್ಕರಿಂದ ಆರು ಬಾರ್. ಒತ್ತಡಕ್ಕೆ ಅದು ಬೇಕಾದ್ದಕ್ಕಿಂತ ಹೆಚ್ಚು. ತೊಂದರೆ ಬಿಸಿಯದು: ಆ ಹೋಸಿನ ಸಾಮಾನ್ಯ ಮಿತಿ 100 ಡಿಗ್ರಿ. 120 ಡಿಗ್ರಿ ಕಾಣುವ ಸ್ಪೋರ್ಟ್ಸ್ ಎಂಜಿನಿನಲ್ಲಿ ಒಳಗಿನ ರಬ್ಬರ್ ಗಡುಸಾಗಿ ಚೂರಾಗುತ್ತದೆ, ಆ ಚೂರು ಹೋಗುವುದು ಬೇರಿಂಗಿಗೆ. ಓ-ರಿಂಗಿಗೂ ಇದೇ ಮಾತು. ಸಾದಾ ನೈಟ್ರೈಲ್ ಬದಲು ವೈಟಾನ್ ಜಾತಿಯದು 200 ಡಿಗ್ರಿವರೆಗೆ ತಾಳುತ್ತದೆ, ಬೆಲೆಯ ವ್ಯತ್ಯಾಸ ಲೆಕ್ಕಕ್ಕಿಲ್ಲದಷ್ಟು.

ವಾರಂಟಿ ಮತ್ತು ಆರ್‌ಟಿಒ

2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ತಯಾರಕರ ಮೇಲೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದಿರುವುದು ಅವರ ಮೇಲಿನ ಮುಖ್ಯ ಆರೋಪ. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಸಾರಾಸಗಟಾಗಿ ರದ್ದು ಎಂಬ ಷರತ್ತು ಹಾಕಬಾರದು ಎಂದೂ ಆದೇಶ ಹೇಳಿತು. ಇದನ್ನು ಓದಿ ಮೌಂಟ್ ಬದಲಿಸಲು ಪರವಾನಗಿ ಸಿಕ್ಕಿತು ಎಂದುಕೊಂಡವರಿದ್ದಾರೆ. ಹಾಗಲ್ಲ. ಹೊರಗೆ ಸರ್ವಿಸ್ ಮಾಡಿಸುವುದು ಬೇರೆ, ಆಯಿಲಿನ ದಾರಿಯನ್ನೇ ಬದಲಿಸುವುದು ಬೇರೆ. ಎರಡನೆಯದರಿಂದ ಎಂಜಿನ್ ಕೆಟ್ಟಿತೆಂದು ತೋರಿಸಲು ಕಂಪನಿಗೆ ಕಷ್ಟವಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮತ್ತು ಅದರ ಮೇಲೆ 2019ರ ಜನವರಿಯಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು, ನೋಂದಣಿ ಪತ್ರದ ವಿವರಗಳಿಗೆ ವಿರುದ್ಧವಾಗುವಂಥ ಬದಲಾವಣೆಯ ಕುರಿತದ್ದು. ಫಿಲ್ಟರ್ ಮೌಂಟ್ ಆ ಪತ್ರದಲ್ಲಿ ಎಲ್ಲೂ ಬರುವುದಿಲ್ಲ. ಮೂಲ ಎಂಜಿನನ್ನೇ ಬದಲಿಸಿದ್ದರೆ ಮಾತು ಬೇರೆ.

ಇನ್ನೂ ಇತ್ಯರ್ಥವಾಗದ್ದು

ಫಿಲ್ಟರನ್ನು ಅಳೆಯಲು ಐಎಸ್‌ಒ 4548 ಸರಣಿಯ ಪರೀಕ್ಷೆಗಳಿವೆ. ಎಷ್ಟು ಮೈಕ್ರಾನಿನ ಕಣವನ್ನು ಶೇಕಡ ಎಷ್ಟು ಹಿಡಿಯುತ್ತದೆ ಎಂಬುದನ್ನು ಬೀಟಾ ಅನುಪಾತದಲ್ಲಿ ಹೇಳಬಹುದು. ಬೀಟಾ 75 ಎಂದರೆ ಶೇ. 98.7. ತುಮಕೂರಿನಲ್ಲಿ ಕಾರ್ಖಾನೆ ಇರುವ ಮಾನ್ ಪ್ಲಸ್ ಹಮ್ಮೆಲ್‌ನಂಥ ಕಂಪನಿಗಳು ಮಾತಾಡುವುದು ಈ ಭಾಷೆಯಲ್ಲೇ. ಆದರೆ ಆ ಪರೀಕ್ಷೆಗಳು ಫಿಲ್ಟರಿಗಾಗಿ ಬರೆದವು. ಆಫ್ಟರ್‌ಮಾರ್ಕೆಟ್ ಮೌಂಟ್ ಮಾರುವ ಪೆಟ್ಟಿಗೆಯ ಮೇಲೆ ಅದರ ಒತ್ತಡ ನಷ್ಟ ಎಷ್ಟೆಂದು ಅಂಕಿ ಕೊಡುವವರು ಅಪರೂಪ. ಪಂಥಗಳ ನಡುವಿನ ತಕರಾರು ನಂಬಿಕೆಯ ಮಟ್ಟದಲ್ಲೇ ಉಳಿದಿರುವುದಕ್ಕೆ ಇದೇ ದೊಡ್ಡ ಕಾರಣ.

ಫಿಲ್ಟರ್ ದೂರ ಒಯ್ದಾಗ ತಣ್ಣನೆಯ ಸ್ಟಾರ್ಟಿನಲ್ಲಿ ಬೇರಿಂಗಿಗೆ ಆಯಿಲ್ ತಲುಪುವುದು ಸ್ವಲ್ಪ ತಡವಾಗುತ್ತದೆ. ದೊಡ್ಡ ಫಿಲ್ಟರ್, ಹೆಚ್ಚಿನ ಆಯಿಲ್ ಆ ನಷ್ಟವನ್ನು ಲಕ್ಷ ಕಿಲೋಮೀಟರಿನಲ್ಲಿ ತುಂಬಿಕೊಡುತ್ತವೆಯೇ ಎಂಬುದಕ್ಕೆ ಎರಡೂ ಕಡೆಯವರ ಬಳಿ ಇರುವುದು ತಮ್ಮ ತಮ್ಮ ಕಾರಿನ ಕಥೆಗಳು. ಬಿಎಸ್6 ಕಾಲದ ಎಂಜಿನುಗಳಲ್ಲಿ ಕಂಪ್ಯೂಟರೇ ಆಯಿಲ್ ಒತ್ತಡವನ್ನು ಏರಿಳಿಸುವಾಗ, ಹೊರಗಿನ ಪ್ಲೇಟು ಸೇರಿಸಿದ ಪ್ರತಿರೋಧವನ್ನು ಅದು ಹೇಗೆ ಓದುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗುವ ಪ್ರಶ್ನೆ. ಬೈಪಾಸ್ ಬಗ್ಗೆ ರೇಸಿನವರೂ ರಸ್ತೆಯವರೂ ಒಮ್ಮತಕ್ಕೆ ಬರುವ ಲಕ್ಷಣವಂತೂ ಇಲ್ಲ.

ಹೀಗಿರುವಾಗ ಮೌಂಟ್ ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮುಂಚೆ ವರ್ಕ್‌ಶಾಪ್ ಮ್ಯಾನ್ಯುಯಲ್ ತೆರೆದು ತಮ್ಮ ಎಂಜಿನಿನ ಬೈಪಾಸ್ ವಾಲ್ವ್ ಎಲ್ಲಿದೆ ಎಂದು ನೋಡಲಿ, ನಿಪ್ಪಲಿನ ಥ್ರೆಡ್ ಅಳೆಸಲಿ, ಒಂದು ಆಯಿಲ್ ಉಷ್ಣತೆಯ ಗೇಜ್ ಹಾಕಿಸಿ ಬೇಸಿಗೆ ಮಳೆ ಎರಡರಲ್ಲೂ ಓಡಿಸಲಿ. ಗೇಜಿನ ಮುಳ್ಳು 120 ಡಿಗ್ರಿ ದಾಟದಿದ್ದರೆ, ಫಿಲ್ಟರಿಗೆ ಕೈ ಎಟುಕುತ್ತಿದ್ದರೆ, ಕಂಪನಿಯ ಮೌಂಟಿಗೆ ಹೊಸ ಸೀಲ್ ಹಾಕಿಸಿಕೊಂಡು ಹಣ ಉಳಿಸಬಹುದು.